ಅಂಗೈಯಗಲದ ಹಿಮ

ಜೂನ್ 9

ಇವರನ್ನು ಇಂದು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಗಾಲಿಕುರ್ಚಿಯನ್ನು ಬಾಗಿಲ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಎದುರುಮನೆಯ ಕಿಟಕಿಗಳೆಲ್ಲ ತೆರೆದುಕೊಂಡವು. ಮಲಗುವ ಕೋಣೆ ಮಹಡಿಯ ಮೇಲೆ. ಅಲ್ಲಿಗೆ ಹತ್ತಿಸುವ ಮಾತೇ ಇಲ್ಲ. ಮುಂದಿನ ಕೋಣೆಯಲ್ಲಿ, ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ, ಮಡಚುವ ಮಂಚ ಹಾಕಿದ್ದೇವೆ. ಬಟ್ಟೆ ಸರಿಮಾಡಿಸಲು ಬರುವವರು ಇನ್ನು ಇವರ ಕಾಲ ಬುಡದಲ್ಲಿ ನಿಂತು ಅಳತೆ ಕೊಡಬೇಕು.

ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿವೆ. ಮಾತು ಹೋಗಿದೆ. ಪೂರ್ತಿ ಹೋಗಿದೆ ಅನ್ನುವಂತೆಯೂ ಇಲ್ಲ, ಒಂದೇ ಒಂದು ಮಾತು ಉಳಿದಿದೆ: "ಆಯ್ತಾಯ್ತು." ನಾನು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ಜೀವಮಾನವಿಡೀ ಇವರು ಹೇಳಿಕೊಂಡು ಬಂದ ಮಾತು ಅದು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಹೊತ್ತು ಹೋದದ್ದೇ ತಿಳಿಯದಂತೆ ಹರಟುತ್ತಿದ್ದ ಮನುಷ್ಯನ ತಲೆಯಿಂದ ಉಳಿದದ್ದೆಲ್ಲ ಸೋರಿಹೋಗಿ ಇದೊಂದು ತಳದಲ್ಲಿ ಅಂಟಿಕೊಂಡಿದೆ. ನೀರು ಬೇಕಾದರೂ ಆಯ್ತಾಯ್ತು, ಬೇಡವಾದರೂ ಆಯ್ತಾಯ್ತು, ಕಾಲು ನೋಯುತ್ತಿದ್ದರೂ ಆಯ್ತಾಯ್ತು. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿ ಕಳಿಸಿದ್ದಾರೆ.

ಬರೆಯುವ ಅಭ್ಯಾಸ ನನಗಿಲ್ಲ. ದಿನದ ಸುದ್ದಿಯನ್ನೆಲ್ಲ ಇವರ ಕಿವಿಗೆ ಸುರಿದು ಹಗುರಾಗುತ್ತಿದ್ದವಳು ನಾನು. ಇವತ್ತೂ ಸುರಿದೆ. ಆಯ್ತಾಯ್ತು ಅಂದರು, ಕಣ್ಣು ತುಂಬಿಕೊಂಡಿತು. ತಿರುಗಿ ಹೇಳಲಾಗದವರ ಮೇಲೆ ಸುರಿಯುವುದು ನ್ಯಾಯವಲ್ಲ ಅನ್ನಿಸಿತು. ಅದಕ್ಕೇ ಈ ಬರವಣಿಗೆ.

ಜೂನ್ 14, ಭಾನುವಾರ

ಮಗಳು ಬಂದಿದ್ದಳು. ಬಂದವಳೇ ಮನೆಯನ್ನು ಒಂದು ಸುತ್ತು ಹಾಕಿ ಹಿಂದಿನ ಕೋಣೆಯ ಬಾಗಿಲ ಮುಂದೆ ನಿಂತಳು. ಬಚ್ಚಲಿಗೆ ಹತ್ತಿರ, ಗಾಳಿ ಬೆಳಕು ಇದೆ, ಅಪ್ಪನ ಮಂಚ ಇಲ್ಲಿಗೇ ಬರಬೇಕು ಅಂದಳು. ನನಗೂ ಅದು ಹೊಳೆಯದೆ ಇರಲಿಲ್ಲ. ಆದರೆ ಅದು ಇವರ ಕೋಣೆ. ಅಂಗಡಿಯಿಂದ ಬಂದ ಮೇಲೆ, ನಿವೃತ್ತಿಯಾದ ಮೇಲಂತೂ ಬೆಳಗಾದರೆ ಸಾಕು, ಒಳಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಬ್ಬೆರಳುದ್ದದ ಮನುಷ್ಯರಿಗೆ ಬಣ್ಣ ಬಳಿಯುವುದು, ಬೆಂಕಿಕಡ್ಡಿಯಲ್ಲಿ ಬೇಲಿ ಕಟ್ಟುವುದು, ಅಂಗೈಯಗಲದ ಹಲಗೆಯ ಮೇಲೆ ಅವರನ್ನು ನಿಲ್ಲಿಸಿ ಒಂದು ಊರನ್ನೇ ಮಾಡುವುದು. ಆ ಚೋಟುದ್ದದ ಜನರ ಮೇಲೆ ನನಗೆ ಸವತಿಯರ ಮೇಲಿರುವಷ್ಟೇ ಪ್ರೀತಿ.

ಇವರ ಗೆಳೆಯರೊಬ್ಬರಿದ್ದಾರೆ, ಇದೇ ಹುಚ್ಚಿನವರು. ಅವರ ಮೀಸೆ ಎಷ್ಟು ದೊಡ್ಡದೆಂದರೆ ಮನೆಯಲ್ಲಿ ನಾವೆಲ್ಲ ಅವರನ್ನು ಮೀಸೆ ಎಂದೇ ಕರೆಯುವುದು. ಸಾಮಾನನ್ನೆಲ್ಲ ಅವರೇ ತೆಗೆದುಕೊಂಡು ಹೋಗಿ ಜೋಪಾನ ಮಾಡುತ್ತಾರಂತೆ, ಮಗಳು ಫೋನಿನಲ್ಲಿ ಮಾತಾಡಿಯೂ ಆಗಿದೆ. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ಒಂದು ಭಾರ ಇಳಿದಂತಾಯಿತು.

ಇವರಿಗೆ ಹೇಳಿದೆವು. ಆಯ್ತಾಯ್ತು ಅಂದರು. ಮಗಳು ನನ್ನ ಮುಖ ನೋಡಿದಳು. ಇವರಿಗೆ ಬೇರೆ ಏನು ಹೇಳಲು ಬರುತ್ತದೆ.

ಜೂನ್ 17

ಕೋಣೆಯ ಬಾಗಿಲು ತೆಗೆದೆ. ಇವರು ಕುಸಿದು ಬಿದ್ದ ದಿನದಿಂದ ಯಾರೂ ಒಳಗೆ ಹೋಗಿರಲಿಲ್ಲ. ಕಿಟಕಿ ಅರೆ ತೆರೆದೇ ಉಳಿದು ರಸ್ತೆಯ ಧೂಳೆಲ್ಲ ಒಳಗೆ ಬಂದಿತ್ತು. ಬ್ರಷ್ಷುಗಳ ಮೇಲೆ, ಬಣ್ಣದ ಬಾಟಲಿಗಳ ಮುಚ್ಚಳದ ಮೇಲೆ, ಕುರ್ಚಿಯ ಬೆನ್ನಿನ ಮೇಲೆ ತೆಳ್ಳಗೆ, ಒಂದೇ ಸಮನೆ ಕೂತಿತ್ತು. ಒರೆಸಲು ಬಟ್ಟೆ ತಂದವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಯಾಕೋ ಗೊತ್ತಿಲ್ಲ.

ಮೇಜಿನ ನಡುವೆ ಅರ್ಧಕ್ಕೆ ಬಿಟ್ಟ ಹಲಗೆಯೊಂದಿತ್ತು. ಒಂದು ಮರದ ಮನೆ, ಬಾಗಿಲಿನಿಂದ ಬೇಲಿಯವರೆಗೆ ಅಂಗಳ, ಅಂಗಳದಲ್ಲಿ ದಪ್ಪ ಕೋಟು ತೊಟ್ಟು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಮುದುಕ. ಕೈಯಲ್ಲಿ ಸಲಿಕೆ. ಹಿಮ ಎತ್ತಿಹಾಕಿ ದಾರಿ ಮಾಡುತ್ತಿರಬೇಕು, ಆದರೆ ಹಿಮವನ್ನೇ ಇನ್ನೂ ಹಾಕಿಲ್ಲ. ಬರಿಯ ಕಂದು ನೆಲ. ಇಲ್ಲದ್ದನ್ನು ಎತ್ತಿಹಾಕುತ್ತ ಮೈಯೆಲ್ಲ ಬಗ್ಗಿಸಿ ನಿಂತಿದ್ದಾನೆ ಬಡಪಾಯಿ. ಅದೊಂದನ್ನು ತಂದು ಹೊಲಿಗೆ ಯಂತ್ರದ ಮೇಲಿನ ಕಪಾಟಿನಲ್ಲಿಟ್ಟೆ.

ಜೂನ್ 20

ಮಾತು ಕಲಿಸಲು ವಾರಕ್ಕೆರಡು ಸಲ ಒಬ್ಬ ಹುಡುಗಿ ಬರುತ್ತಾಳೆ. ನಾನು ಅವಳನ್ನು ಮಾತಿನ ಟೀಚರು ಎನ್ನುತ್ತೇನೆ, ಅವಳು ನಗುತ್ತಾಳೆ. ಬಾಳೆಹಣ್ಣು, ಬೀಗದ ಕೈ, ಚಮಚ ತೋರಿಸಿ ಹೆಸರು ಕೇಳುತ್ತಾಳೆ. ಬಾಳೆಹಣ್ಣೂ ಆಯ್ತಾಯ್ತು, ಚಮಚವೂ ಆಯ್ತಾಯ್ತು. ಇವರ ಹಣೆ ಬೆವರುತ್ತದೆ. ಇವರಿಗೆ ತುಂಬಾ ಇಷ್ಟವಾದ ವಸ್ತು ಏನಾದರೂ ಇದೆಯಾ ಎಂದು ಅವಳು ಕೇಳಿದಳು. ಕಪಾಟಿನಿಂದ ಮುದುಕನ ಹಲಗೆ ಇಳಿಸಿ ಕೊಟ್ಟೆ.

ಇವರು ಅದನ್ನು ನೋಡಿದ ಕೂಡಲೇ ಮುಖವನ್ನು ಗೋಡೆಗೆ ತಿರುಗಿಸಿದರು. ಎಡಗೈಯಿಂದ ಬಲಗೈಯನ್ನು ಹಿಡಿದು ಹೊದಿಕೆಯ ಒಳಗೆ ಸೇರಿಸಿಕೊಂಡರು, ಯಾರಿಗೂ ಕಾಣಬಾರದು ಅನ್ನುವಂತೆ.

ಜೂನ್ 25

ಇವತ್ತು ರೇಗಿದೆ. ಗಂಜಿಯ ಬಟ್ಟಲನ್ನು ಎಡಗೈಯಿಂದ ತಳ್ಳಿಬಿಟ್ಟರು, ಹೊಲಿಯಲು ಬಂದಿದ್ದ ಕೋಟಿನ ಮೇಲೆಲ್ಲ ಚೆಲ್ಲಿತು. ಬೇಡ ಅಂದರೆ ಬೇಡ ಅನ್ನಿ ಎಂದು ಕೂಗಿದೆ. ಆಯ್ತಾಯ್ತು ಅಂದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜೂನ್ 30

ಕೋಟಿನ ಕೊಳೆ ತೆಗೆಯಲು ಅಡುಗೆ ಸೋಡಾ ತಂದಿದ್ದೆ. ಮಧ್ಯಾಹ್ನ ಮಾಡಲು ಕೆಲಸವಿರಲಿಲ್ಲ. ಇವರು ಸೂರು ನೋಡುತ್ತ ಮಲಗಿದ್ದರು, ಕಪಾಟಿನಲ್ಲಿ ಆ ಮುದುಕ ಬರಿನೆಲದಲ್ಲಿ ಸಲಿಕೆ ಹಿಡಿದು ನಿಂತಿದ್ದ. ಇಬ್ಬರನ್ನೂ ನೋಡಿ ನೋಡಿ ತಲೆ ಕೆಟ್ಟಿತು. ಒಬ್ಬನಿಗಾದರೂ ಕೆಲಸ ಕೊಡೋಣವೆಂದು ಸೋಡಾಕ್ಕೆ ಮರದ ಅಂಟು ಬೆರೆಸಿ ಹಿಟ್ಟಿನ ಹದ ಮಾಡಿ ಅಂಗಳಕ್ಕೆಲ್ಲ ಮೆತ್ತಿದೆ. ಚಾವಣಿಗೂ ಒಂದಿಷ್ಟು ಬಳಿದೆ. ದೂರದಿಂದ ನೋಡಿದರೆ ಹಳೆಯ ಬ್ರೆಡ್ಡಿಗೆ ಬೂಷ್ಟು ಬಂದ ಹಾಗಿತ್ತು. ನಾನು ಹಿಮ ಕಂಡವಳೇ? ಇವರೂ ಕಂಡವರಲ್ಲ. ಜೀವನದಲ್ಲಿ ಒಂದು ಸಲವೂ ಮುಟ್ಟದ ವಸ್ತುವಿಗಾಗಿ ಇಷ್ಟು ವರ್ಷ ಒದ್ದಾಡಿದವರು.

ಮಂಚದ ಬಳಿ ತಂದು ನೋಡಿ ಅಂದೆ. ಇವರು ಕತ್ತು ಎತ್ತಿದರು. ಹುಬ್ಬು ಗಂಟಾಯಿತು. ತುಟಿ ಒಂದೆರಡು ಸಲ ಆಕಾರವಿಲ್ಲದೆ ಅಲ್ಲಾಡಿತು.

"ಅ... ಅಲ್ಲ."

ಏನು ಅಂದೆ.

"ಅಲ್ಲ. ಅಲ್ಲ."

ಕೈಯಲ್ಲಿದ್ದ ಹಲಗೆ ಬೀಳಿಸುವುದೊಂದು ಬಾಕಿ. ನನ್ನ ಕೆಲಸ ಸರಿಯಿಲ್ಲ ಅಂದದ್ದಕ್ಕೆ ಇಷ್ಟು ಸಂತೋಷ ಯಾವತ್ತೂ ಪಟ್ಟಿರಲಿಲ್ಲ.

ಜುಲೈ 3

ಮಾತಿನ ಟೀಚರಿಗೆ ಹೇಳಿದೆ. ಅವಳು ಕುರ್ಚಿಯಿಂದ ಎದ್ದೇ ನಿಂತಳು. "ಅಮ್ಮ, ಅದು ತಾನಾಗಿ ಬಂದ ಮಾತು. ಅವರನ್ನ ಕೆಣಕೋದು ಯಾವುದಿದ್ರೂ ಸರಿ, ಬಿಡಬೇಡಿ," ಅಂದಳು. ಕೆಣಕುವುದು ನನಗೆ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ.

ಜುಲೈ 11

ಒಂದು ದಾರಿ ಕಂಡುಕೊಂಡಿದ್ದೇನೆ. ಹಿಮ ಕೆಟ್ಟಷ್ಟೂ ಇವರ ಮಾತು ಹೆಚ್ಚುತ್ತದೆ. ಮಂಗಳವಾರ ಔಷಧಿ ಡಬ್ಬಿಯ ಹತ್ತಿಯನ್ನು ಎಳೆದೆಳೆದು ಅಂಟಿಸಿದೆ: "ತೆಗಿ" ಅಂದರು. ಮಾರನೆಯ ದಿನ ಸೋಡಾವನ್ನು ಬೆರಳು ದಪ್ಪ ಹಾಕಿದೆ: "ದಪ್ಪ." ಮೊದಲು ಹಾಕಿದ್ದು ಅಷ್ಟರಲ್ಲಿ ಬಣ್ಣ ತಿರುಗಿತ್ತು, ಅದಕ್ಕೆ ಬೆರಳು ಮಾಡಿ ಬಹಳ ಹೊತ್ತು ಹುಡುಕಾಡಿ "ಹಳದಿ" ಅಂದರು. ಬಾಳೆಹಣ್ಣು ತೋರಿಸಿ ಬಣ್ಣ ಯಾವುದೆಂದು ಟೀಚರು ಎಷ್ಟು ಕೇಳಿದರೂ ಬಾರದಿದ್ದ ಪದ.

ನಿನ್ನೆ ಚಾವಣಿಯ ಅಂಚಿನ ಅಡಿಭಾಗಕ್ಕೆ, ಹಿಮ ಬೀಳಲು ಸಾಧ್ಯವೇ ಇಲ್ಲದ ಕಡೆ, ದಪ್ಪಗೆ ಮೆತ್ತಿದೆ. ಇವರಿಗೆ ಎಷ್ಟು ಸಿಟ್ಟು ಬಂತೆಂದರೆ ಎಡಗೈಯಿಂದ ಮಂಚವನ್ನು ಗುದ್ದಿ "ಮೇಲೆ! ಮೇಲಿಂದ!" ಅಂದರು. ಎರಡು ಮಾತು ಒಟ್ಟಿಗೆ. ನಾನು ಪೆದ್ದಿಯಂತೆ ಬಾಯಿ ಬಿಟ್ಟುಕೊಂಡು, ಹೌದಾ, ನನಗೇನು ಗೊತ್ತು, ಅಂದೆ. ನಾಟಕ ಮಾಡುವುದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ.

ಆದರೆ ಒಂದು ಮಾತು. ಬೇಕೆಂದೇ ತಪ್ಪು ಮಾಡಲು ಸರಿ ಯಾವುದೆಂದು ಯೋಚಿಸಬೇಕಾಗುತ್ತದೆ. ಇವತ್ತು ಪ್ಯಾಂಟೊಂದರ ಅಂಚು ಮಡಿಸುತ್ತ ಕೂತಿದ್ದಾಗ ಯಂತ್ರದ ಮೇಲೆ ನೂಲಿನ ಧೂಳು ಕೂತದ್ದು ಕಂಡಿತು. ಚಪ್ಪಟೆ ಇರುವಲ್ಲಿ ಕೂರುತ್ತದೆ, ಇಳಿಜಾರಿನಲ್ಲಿ ತೆಳ್ಳಗಾಗುತ್ತದೆ, ನೆಟ್ಟಗಿರುವುದಕ್ಕೆ ಅಂಟುವುದೇ ಇಲ್ಲ, ಮೂಲೆಗಳಲ್ಲಿ ಗುಡ್ಡೆಯಾಗುತ್ತದೆ. ಅದನ್ನು ಒರೆಸದೆ ಬಿಟ್ಟೆ.

ಜುಲೈ 19, ಭಾನುವಾರ

ಏನು ಮಾಡಿಬಿಟ್ಟೆ.

ಮೀಸೆ ಬಂದಿದ್ದರು, ಸಾಮಾನು ತುಂಬಲು ಖಾಲಿ ಪೆಟ್ಟಿಗೆಗಳನ್ನು ತಂದಿಡಲು. ಯಂತ್ರದ ಪಕ್ಕದಲ್ಲಿದ್ದ ಹಲಗೆಯನ್ನು ಎತ್ತಿ ನೋಡಿ ಗಹಗಹಿಸಿ ನಕ್ಕರು. ಹಿಮವನ್ನು ಮೊದಲ ಸಲ ಮಾಡುವವರೂ ಚಾವಣಿಯ ಅಡಿಗೆ ಬಳಿಯುವುದಿಲ್ಲವಲ್ಲ ಅತ್ತಿಗೆ, ಬೇಕೆಂದೇ ಮಾಡಿದ ಹಾಗಿದೆ ಅಂದರು. ನನ್ನ ಕೆಲಸವನ್ನು ಆಡಿಕೊಂಡರೆಂಬ ಉರಿಗೆ ಹೇಳಿಬಿಟ್ಟೆ:

"ಬೇಕಂತಲೇ ಮಾಡಿದ್ದು. ಹಾಗೆ ಮಾಡಿದ್ರೇನೇ ಇವರು ಬಾಯಿ ಬಿಡೋದು."

ಮಂಚದ ಕಡೆ ತಿರುಗಿದಾಗ ಇವರು ನನ್ನನ್ನೇ ನೋಡುತ್ತಿದ್ದರು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಮೀಸೆ ಹಲಗೆಯನ್ನು ಇದ್ದಲ್ಲೇ ಇಟ್ಟು ಹೊರಟುಹೋದರು.

ಜುಲೈ 20

ಒಂದು ಮಾತೂ ಇಲ್ಲ. ಆಯ್ತಾಯ್ತು ಕೂಡ ಇಲ್ಲ.

ಜುಲೈ 24

ಟೀಚರು ಬಂದು ಕೂತು ಹೋದಳು. ಇವರು ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆಯಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಏನಾಯಿತೆಂದು ಬಾಗಿಲ ಬಳಿ ಕೇಳಿದಳು. ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬಿಡಬೇಡಿ ಎಂದದ್ದು ನಾನೇ ಅಲ್ಲವೇ ಎಂದು ಅವಳೂ ಮುಖ ಸಣ್ಣದು ಮಾಡಿಕೊಂಡಳು.

ಮಗುವಿಗೆ ತುತ್ತು ತಿನ್ನಿಸಲು ಕಾಗೆ ಗುಬ್ಬಿ ತೋರಿಸುವಂತೆ ನಾನು ಇವರಿಗೆ ಹಿಮ ತೋರಿಸಿದೆ. ಪ್ರತಿಯೊಂದು ಪದವನ್ನು ಎಲ್ಲಿಂದಲೋ ಅಗೆದು ತೆಗೆದು, ಬೆವರಿ, ನನಗೆ ಕಲಿಸುತ್ತಿದ್ದೇನೆಂದು ನಂಬಿ ಕೊಡುತ್ತಿದ್ದರು. ಆ ನಂಬಿಕೆಯನ್ನು ಮೂರನೆಯವರ ಮುಂದೆ ಜೋಕು ಮಾಡಿದೆ.

ಜುಲೈ 27

ಗಿರಾಕಿಗಳಿಗೆ ಇಂದು ಹೊಲಿಗೆ ಇಲ್ಲ ಎಂದು ಬಾಗಿಲಿಗೆ ಚಿಲಕ ಹಾಕಿ ಇವರ ಎದುರು ಕೂತೆ. ಹೇಳಬೇಕೆಂದಿದ್ದ ಮಾತುಗಳೆಲ್ಲ ನನಗೂ ಮರೆತುಹೋದವು. ಕಡೆಗೆ ಇಷ್ಟೇ ಬಂತು:

"ನಾನು ಮಾಡಿದ್ದು ತಪ್ಪು ರೀ. ನಿಮ್ಮ ದನಿ ಕೇಳಬೇಕಿತ್ತು, ಅದಕ್ಕೆ ಮಾಡಿದೆ. ಇನ್ನು ಮಾಡಲ್ಲ. ನೀವು ಮಾತಾಡದೆ ಇದ್ರೂ ಪರವಾಗಿಲ್ಲ."

ಇವರು ಗೋಡೆ ನೋಡುತ್ತಲೇ ಇದ್ದರು. ಹಿಂದಿನ ಕೋಣೆಯಿಂದ ಚೂಪಾದ ಬ್ಲೇಡೂ ಅಡುಗೆಮನೆಯಿಂದ ಬಿಸಿನೀರೂ ತಂದು, ಹಲಗೆಯನ್ನು ಮಡಿಲಿಗೆ ತೆಗೆದುಕೊಂಡು, ನಾನು ಮೆತ್ತಿದ್ದನ್ನೆಲ್ಲ ಕೆರೆಯತೊಡಗಿದೆ. ಸೋಡಾ, ಹತ್ತಿ, ಅಂಟು ಪದರ ಪದರವಾಗಿ ಎದ್ದು ಬಂತು. ಬೇಲಿಯ ಕಡ್ಡಿಗಳ ನಡುವೆ ಸೂಜಿಯ ಮೊನೆಯಿಂದ ಬಿಡಿಸಬೇಕಾಯಿತು. ಸಂಜೆಯಾಗುವ ಹೊತ್ತಿಗೆ ಮುದುಕ ಮತ್ತೆ ಕಂದು ನೆಲದಲ್ಲಿ ನಿಂತ. ತಲೆ ಎತ್ತಿದರೆ ಇವರು ಗೋಡೆ ಬಿಟ್ಟು ನನ್ನ ಬೆರಳುಗಳನ್ನು ನೋಡುತ್ತಿದ್ದರು. ಯಾವಾಗಿನಿಂದಲೋ ಗೊತ್ತಿಲ್ಲ.

ಆಗಸ್ಟ್ 2, ಭಾನುವಾರ

ಬೆಳಿಗ್ಗೆಯೇ ಮಗಳು ಬಂದಳು, ಹಿಂದೆಯೇ ಮೀಸೆ, ಸಾಮಾನಿನ ಗಾಡಿ ಸಮೇತ. ಇವತ್ತು ಕೋಣೆ ಖಾಲಿ ಮಾಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಮೀಸೆ ಮೊದಲ ಪೆಟ್ಟಿಗೆಗೆ ಬಣ್ಣದ ಬಾಟಲಿ ತುಂಬತೊಡಗಿದರು. ನಾನು ಹೋಗಿ ಒಂದೊಂದಾಗಿ ಹೊರಗೆ ತೆಗೆದಿಡತೊಡಗಿದೆ.

ಏನಮ್ಮಾ ಇದು ಅಂದಳು ಮಗಳು. ಇವು ಬೇಕು ಅಂದೆ. ಯಾರಿಗೆ ಅಂದಳು. ಹಿಮ ಇನ್ನೂ ಆಗಿಲ್ಲ ಅಂದೆ.

"ಅಮ್ಮ, ಅಪ್ಪನ್ನ ಎಲ್ಲಿ ಮಲಗಿಸ್ತೀಯ? ಬಂದೋರ ಮುಂದೆ ಬೀದಿಲಿ ಮಲಗಿದ ಹಾಗೆ ಮಲಗಿರ್ತಾರೆ, ನಿಂಗೆ ಏನೂ ಅನ್ಸಲ್ವಾ?"

ಅನ್ನಿಸುತ್ತದೆ, ದಿನಾ ಅನ್ನಿಸುತ್ತದೆ. ಆದರೆ ಉತ್ತರ ನನ್ನ ಬಾಯಿಗೆ ಬಂದದ್ದು ಆ ಗಳಿಗೆಯಲ್ಲೇ. ಮಂಚ ಮುಂದಿನ ಕೋಣೆಯಲ್ಲಿರಲಿ, ಗಿರಾಕಿಗಳು ಅಲ್ಲಿಗೆ ಬರುವುದು ಬೇಡ. ಹೊಲಿಗೆ ಯಂತ್ರವನ್ನು ಹಿಂದಿನ ಕೋಣೆಗೆ ಹಾಕಿ, ಬರುವವರು ಹಿತ್ತಲ ಬಾಗಿಲಿನಿಂದ ಬರಲಿ. ಅಷ್ಟು ಸುತ್ತಿ ಯಾರು ಬರುತ್ತಾರೆ ಎಂದಳು. ಜಿಪ್ಪು ಕಿತ್ತುಹೋದವರು ಬರುತ್ತಾರೆ ಎಂದೆ. ಮೀಸೆ ಮೀಸೆಯೊಳಗೇ ನಕ್ಕರು.

ಮಗಳು ಮುಖ ಊದಿಸಿಕೊಂಡಿದ್ದಳು, ಆದರೂ ಯಂತ್ರದ ಒಂದು ಕಡೆ ಅವಳೇ ಹಿಡಿದಳು. ಇಬ್ಬರೂ ಸೇರಿ ಅದನ್ನು ಇವರ ಮೇಜಿನ ಪಕ್ಕಕ್ಕೆ ಹೊತ್ತುಹಾಕುವಾಗ ಗಾಲಿಕುರ್ಚಿಯಲ್ಲಿ ಕೂತಿದ್ದ ಇವರು ಎಡಗೈ ಎತ್ತಿ ಕಿಟಕಿಯ ಕಡೆ ತೋರಿಸಿದರು.

"ಬೆಳಕು," ಅಂದರು.

ಯಂತ್ರವನ್ನು ಕಿಟಕಿಯ ಬಳಿಗೆ ಸರಿಸಿದೆವು. ಮಗಳು ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಆಗಸ್ಟ್ 8

ಈಗ ನಿಜವಾಗಿ ಕಲಿಯುತ್ತಿದ್ದೇನೆ. ಸೋಡಾ ಬೇಡ, ಅದು ಹಳದಿಯಾಗಿ ಉದುರುತ್ತದೆ. ಇವರು ತೋರಿಸಿದ ಡಬ್ಬಿಯಲ್ಲಿ ಅಮೃತಶಿಲೆಯ ಪುಡಿಯಿದೆ, ಮುಖದ ಪೌಡರಿನಷ್ಟು ನಯ. ಬಾಯಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಡಬ್ಬಿ ತೆರೆಯಬೇಕು. ಪುಡಿಗೆ ಅಂಟು, ಬಿಳಿ ಬಣ್ಣ, ಅದರಲ್ಲಿ ಸೂಜಿಯ ತುದಿಯಷ್ಟು ನೀಲಿ. ನೀಲಿ ಯಾಕೆ ಎಂದೆ. "ನೆರಳು," ಅಂದರು. ಹೊಲಿಗೆಯವಳಿಗೆ ಅದು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಬಟ್ಟೆಯ ಮಡಿಕೆಯೊಳಗೆ ಬಿಳಿ ಎಲ್ಲಿರುತ್ತದೆ?

ಒಂದೇ ಸಲ ಮೆತ್ತಬಾರದು. ತೆಳ್ಳಗೆ ಒಂದು ಪದರ, ಒಣಗಿದ ಮೇಲೆ ಇನ್ನೊಂದು, ಮತ್ತೊಂದು. ಕಡೆಯ ಪದರ ಹಸಿ ಇರುವಾಗಲೇ ಟೀ ಸೋಸುವ ಜರಡಿಯಿಂದ ಒಣಪುಡಿ ಉದುರಿಸಬೇಕು. ಹಳೆಯ ಚಪ್ಪಟೆ ಹಲಗೆಯೊಂದರ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಇವರ ಮೂಗಿನಿಂದ ಬರುವ ಒಂದು ಹೂಂಕಾರದಲ್ಲೇ ಕೈ ಭಾರವಾಯಿತು ಎಂದು ಗೊತ್ತಾಗುತ್ತದೆ. ಇವತ್ತು ಪುಡಿ ಉದುರಿಸುವುದರಲ್ಲಿ ಮುಳುಗಿ ಇವರ ಮಾತಿನ ಪಾಠ ಮಾಡಿಸುವುದನ್ನೇ ಮರೆತೆ. ಪಾಪ, ನಾಳೆ ಮಾಡಿಸಬೇಕು.

ಆಗಸ್ಟ್ 15

ಜಗಳವಾಯಿತು. ಮುದುಕ ಎತ್ತಿಹಾಕಿದ ಹಿಮ ದಾರಿಯ ಎರಡೂ ಬದಿಗೆ ಸಮನಾಗಿ ಒಟ್ಟಿರಬೇಕೆಂದು ಇವರ ಲೆಕ್ಕ. ಎಡಗೈಯಿಂದ ಎರಡೂ ಕಡೆ ಗುಡ್ಡೆ ತೋರಿಸಿದರು. ನಾನು ಅಲ್ಲ ಅಂದೆ. ಹಾಗೆ ನೇರಾನೇರ ಅಲ್ಲ ಅಂದದ್ದಕ್ಕೆ ಇವರಿಗೆ ಆಶ್ಚರ್ಯ. ಸಲಿಕೆ ಹಿಡಿದಿರುವ ರೀತಿ ನೋಡಿ, ಬಲಗೈ ಕೆಳಗಿದೆ, ಮೈ ಎಡಕ್ಕೆ ತಿರುಗಿದೆ, ಇವನು ಹೀಗೆ ನಿಂತು ಬಲಕ್ಕೆ ಹೇಗೆ ಎಸೆಯುತ್ತಾನೆ ಎಂದೆ. ಒಪ್ಪಲಿಲ್ಲ.

ಗಾಲಿಕುರ್ಚಿಯನ್ನು ಹಿತ್ತಲಿಗೆ ತಳ್ಳಿಕೊಂಡು ಹೋದೆ. ಪಕ್ಕದ ಮನೆಯ ರಿಪೇರಿಗೆ ತಂದ ಮರಳು ಗೋಡೆಯ ಬಳಿ ಬಿದ್ದಿತ್ತು. ಅಲ್ಲೇ ಇದ್ದ ಸಲಿಕೆ ತೆಗೆದುಕೊಂಡು ಮುದುಕನಂತೆಯೇ ಸೊಂಟ ಬಗ್ಗಿಸಿ ಮರಳು ಎತ್ತಿ ಎತ್ತಿ ಎಸೆದೆ. ಎಲ್ಲ ಎಡಕ್ಕೇ ಬಿತ್ತು. ಬಲಗಡೆ ಚೆಲ್ಲಿದ್ದು ಒಂದು ಮುಷ್ಟಿಯೂ ಇಲ್ಲ. ಮೇಸ್ತ್ರಿ ಕೆಲಸ ನಿಲ್ಲಿಸಿ, ಏನಮ್ಮಾ ಏನಾದರೂ ಕಳೆದುಹೋಯಿತಾ ಎಂದು ಕೇಳಿದ. ಇವರ ಭುಜ ಕುಣಿಯುತ್ತಿತ್ತು. ಹತ್ತಿರ ಹೋಗಿ ನೋಡಿದರೆ ನಗುತ್ತಿದ್ದರು, ಒಂದೇ ಕಡೆ ಎಳೆದ ಬಾಯಿಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು.

"ಎಡ," ಅಂದರು. "ಸರಿ. ಎಡ."

ಸಂಜೆ ಸೊಂಟ ಹಿಡಿದುಕೊಂಡಿತು. ಮರಳನ್ನು ಮೇಸ್ತ್ರಿಯೇ ಮತ್ತೆ ಗುಡ್ಡೆ ಮಾಡಿದ.

ಆಗಸ್ಟ್ 22

ಜ್ವರ. ಬಂದ ಮಾತೆಲ್ಲ ಹಿಂದೆ ಹೋಗಿದೆ, ನನ್ನನ್ನೂ ಗುರುತಿಸದ ಹಾಗೆ ನೋಡುತ್ತಾರೆ. ಡಾಕ್ಟರು ಮನೆಗೇ ಬಂದು ನೋಡಿ, ಮೆದುಳಿಗೆ ಹೊಸದಾಗಿ ಏನೂ ಆಗಿಲ್ಲ, ಜ್ವರ ಇಳಿದರೆ ಸರಿಹೋಗುತ್ತದೆ ಅಂದರು. ಮಗಳು ಇಲ್ಲೇ ಉಳಿದಿದ್ದಾಳೆ. ಹಿಂದಿನ ಕೋಣೆಗೆ ಕಾಲಿಟ್ಟಿಲ್ಲ.

ಆಗಸ್ಟ್ 26

ಜ್ವರ ಬಿಟ್ಟಿದೆ. ಹಣೆ ಒರೆಸುತ್ತಿದ್ದಾಗ "ಒಣಗ್ತಾ?" ಅಂದರು. ಏನು ಒಣಗುವುದು, ಬಟ್ಟೆಯಾ ಎಂದಳು ಮಗಳು. ಮುದುಕನ ಹಿಮದ ಎರಡನೆಯ ಪದರ ಎಂದೆ ನಾನು. ಅಪ್ಪ ಪ್ರಶ್ನೆ ಕೇಳಿದರು ಅಮ್ಮ, ಕೇಳಿಸಿಕೊಂಡೆಯಾ ಎಂದು ಮಗಳು ನನ್ನ ತೋಳು ಅಲ್ಲಾಡಿಸಿದಳು. ಹೌದಲ್ಲ ಅನ್ನಿಸಿದ್ದು ಆಗ. ನನ್ನ ತಲೆಯಲ್ಲಿದ್ದದ್ದು ಆ ಪದರ ಬಿರುಕು ಬಿಟ್ಟಿದೆಯೋ ಏನೋ ಎಂಬ ಚಿಂತೆ.

ಬಿರುಕು ಬಿಟ್ಟಿರಲಿಲ್ಲ.

ಸೆಪ್ಟೆಂಬರ್ 5

ಇವತ್ತು ಹೆಜ್ಜೆಗಳು. ಹಿಮ ಅರ್ಧ ಗಟ್ಟಿಯಾದಾಗ ಒತ್ತಬೇಕು. ಹಸಿಯಾದರೆ ಕುಸಿಯುತ್ತದೆ, ಒಣಗಿದರೆ ಒಡೆಯುತ್ತದೆ. ಹೊಲಿಗೆಯ ಬೆರಳಿಗೆ ಅದರ ಹದ ಗೊತ್ತಾಗುತ್ತದೆ, ಇಸ್ತ್ರಿಗೆ ಮುಂಚೆ ಬಟ್ಟೆಯ ತೇವ ನೋಡಿದ ಹಾಗೆ. ಬಾಗಿಲ ಬಳಿ ಒಳಗಿನ ಬಿಸಿಗೆ ಹಿಮ ಕರಗಿರುತ್ತದೆಂದು ಅಲ್ಲಿ ಹೊಳಪು ವಾರ್ನಿಷ್ ಹಚ್ಚಿದ್ದೇನೆ. ಅದು ನಾನೇ ಯೋಚಿಸಿದ್ದು.

ಬೂಟಿನ ಆಕಾರಕ್ಕೆ ಕೊರೆದ ಕಡ್ಡಿಯನ್ನು ಇವರ ಎಡಗೈಗೆ ಕೊಟ್ಟೆ. ಬೇಡವೆಂದು ತಲೆಯಾಡಿಸಿದರು. ನಾನು ಒತ್ತಾಯ ಮಾಡಲಿಲ್ಲ, ಹಲಗೆಯನ್ನು ಮುಂದಿಟ್ಟು ಅರ್ಧಕ್ಕೆ ಬಿಟ್ಟಿದ್ದ ಪ್ಯಾಂಟು ಹೊಲಿಯಲು ಕೂತೆ. ಯಂತ್ರದ ಸದ್ದಿನ ನಡುವೆ ಓರೆಗಣ್ಣಿನಲ್ಲಿ ನೋಡಿದರೆ ಕಡ್ಡಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದಾಗಿ ಒತ್ತುತ್ತಿದ್ದರು. ಎಡಗೈಗೆ ಅದು ರೂಢಿಯಿಲ್ಲ. ಹೆಜ್ಜೆಗಳು ಅಲ್ಲೊಂದು ಇಲ್ಲೊಂದು ಬಿದ್ದವು, ಒಂದು ಬೇಲಿಗೇ ತಾಗಿತು. ತಿದ್ದಲು ನಾನು ಬ್ರಷ್ ಎತ್ತಿದೆ.

"ಬಿಡು," ಅಂದರು. "ಜಾರಿದ."

ಮತ್ತೆ ನೋಡಿದೆ. ಹೌದು, ಅಲ್ಲಿ ಮುದುಕ ಜಾರಿ ಬೇಲಿ ಹಿಡಿದುಕೊಂಡಿದ್ದಾನೆ. ಬೇಲಿಯ ಆ ಕಡ್ಡಿಯ ನೆತ್ತಿಯ ಮೇಲಿದ್ದ ಹಿಮವನ್ನು ಸೂಜಿಯಿಂದ ಉದುರಿಸಿದೆ, ಅವನ ಕೈ ತಗುಲಿದ್ದರಿಂದ. ಇವರು ಹೂಂ ಅಂದರು, ಮೂಗಿನಿಂದಲ್ಲ, ಬಾಯಿಂದ.

ಸೆಪ್ಟೆಂಬರ್ 13, ಭಾನುವಾರ

ಇವರಂತೆ ಪುಟ್ಟ ಊರು ಮಾಡುವ ಗೆಳೆಯರ ಕೂಟದ ಪ್ರದರ್ಶನಕ್ಕೆ ಹೋಗಿ ಬಂದೆವು. ನಾವು ಹೋಗುವುದಿಲ್ಲ ಎಂದೇ ಇದ್ದೆ. ಅಷ್ಟು ಜನರ ಮುಂದೆ ಇವರು ಮಾತು ಬರದೆ ಕೂರುವುದನ್ನು ಯಾರು ನೋಡುವುದು. ಆದರೆ ಬೆಳಿಗ್ಗೆ ಶರಟನ್ನು ಇವರೇ ಒಂದು ಕೈಯಿಂದ ಹಾಕಿಕೊಳ್ಳಲು ಹೊರಟಿದ್ದರು, ಗುಂಡಿ ಮೇಲೆ ಕೆಳಗೆ. ಮಗಳು ಕಾರು ತಂದಳು. ಹಲಗೆ ನನ್ನ ಮಡಿಲಲ್ಲಿ, ರಸ್ತೆಯ ಒಂದೊಂದು ಗುಂಡಿ ಬಂದಾಗಲೂ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದೆ.

ಶಾಲೆಯ ಸಭಾಂಗಣದಷ್ಟು ದೊಡ್ಡ ಜಾಗ, ಉದ್ದುದ್ದ ಮೇಜುಗಳು. ನಮ್ಮ ಹಲಗೆಯನ್ನು ನಡುವೆ ಇಟ್ಟರು. ಮೀಸೆ ಬಂದು ಬಗ್ಗಿ ನೋಡಿದರು, ಚಾವಣಿ, ಅಂಗಳ, ಎಡಗಡೆಯ ಗುಡ್ಡೆ, ಬಾಗಿಲ ಬಳಿಯ ತೇವ. ಈ ಸಲ ನಗಲಿಲ್ಲ. ನನ್ನ ಕಡೆ ಒಂದು ಸಲ ನೋಡಿ, ಸದ್ದಿಲ್ಲದೆ ತಮ್ಮ ಮೇಜಿಗೆ ಹೋಗಿ ತಮ್ಮ ಹಿಮದ ಹಲಗೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ನನಗೆ ಕಂಡಿತು.

ಮಧ್ಯಾಹ್ನ ಒಬ್ಬ ಹೆಂಗಸು ನಿಂತಳು. ಹಿಮ ಬೀಳುವ ಊರಿನಲ್ಲೇ ಹುಟ್ಟಿ ಬೆಳೆದವಳಂತೆ. ಬಹಳ ಹೊತ್ತು ನೋಡಿ, ಇವರನ್ನೇ ನೇರವಾಗಿ ಕೇಳಿದಳು:

"ಇದನ್ನ ಹೇಗೆ ಮಾಡಿದ್ರಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ಇವರ ಪರವಾಗಿ ಡಾಕ್ಟರಿಗೆ, ನೆಂಟರಿಗೆ, ಹಾಲಿನವನಿಗೆ ಉತ್ತರ ಹೇಳಿಕೊಂಡು ಬಂದವಳು. ಬಾಯಿ ತೆರೆದೂ ಇದ್ದೆ. ಆದರೆ ಇವರ ಮುಖ ಆಗಲೇ ಕೆಲಸಕ್ಕಿಳಿದಿತ್ತು. ತುಟಿ ಅಲ್ಲಾಡಿತು, ನಿಂತಿತು. ಹಿಂದೆ ಜನ ಸೇರಿದರು. ಯಾರೋ ಕೆಮ್ಮಿದರು. ಮಗಳು ನನ್ನ ಸೆರಗು ಜಗ್ಗಿದಳು, ಹೇಳಮ್ಮ ಅನ್ನುವಂತೆ. ನಾನು ಬಾಯಿ ಮುಚ್ಚಿಕೊಂಡೆ. ಹಲ್ಲು ಕಚ್ಚಿಕೊಂಡು ನಿಂತೆ. ಆ ಹೆಂಗಸೂ ಅವಸರ ಮಾಡದೆ ಕಾದಳು, ಅವಳ ಹೊಟ್ಟೆ ತಣ್ಣಗಿರಲಿ.

"ತೆಳ್ಳಗೆ," ಅಂದರು ಕಡೆಗೆ. "ಮೂರು... ಸಲ. ಒಣಗ... ಒಣಗಿಸಿ." ಎಡಗೈ ಎತ್ತಿ ನನ್ನ ಕಡೆ ತೋರಿಸಿದರು. "ಇವಳು." ಇನ್ನೂ ಏನೋ ಬರಬೇಕಿತ್ತು. ಎಲ್ಲರೂ ಕಾದೆವು. ಇವರ ಕಣ್ಣುಗಳು ಆ ಪದವನ್ನು ಎಲ್ಲೆಲ್ಲೋ ಹುಡುಕಿ ಕಡೆಗೆ ಹಿಡಿದು ತಂದವು.

"ಹಟಮಾರಿ."

ಜನರೆಲ್ಲ ನಕ್ಕರು, ಆ ಹೆಂಗಸು ಎಲ್ಲರಿಗಿಂತ ಜೋರಾಗಿ. ನಾನೂ ನಕ್ಕೆ. ಆಮೇಲೆ ಅಳು ಬಂದು, ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡೆ. ಬಹುಮಾನ ಮೀಸೆಗೆ ಬಂತು, ಬರಲಿ. ಅವರ ಹಿಮ ಚೆನ್ನಾಗಿಯೇ ಇತ್ತು, ಆದರೆ ನೆರಳಿಗೆ ನೀಲಿ ಹೆಚ್ಚಾಗಿತ್ತು.

ಮನೆಗೆ ಬಂದು ಇವರ ಶೂ ಬಿಚ್ಚುವಾಗ ಬಿಡಲಿಲ್ಲ, ಕೇಳಿಯೇ ಬಿಟ್ಟೆ. ಅಷ್ಟು ಜನರ ಮುಂದೆ ಹಟಮಾರಿ ಅಂದಿರಲ್ಲ, ಯಾರಿಗೆ ಅಂದದ್ದು?

ಇವರು ನನ್ನ ಮುಖ ನೋಡಿದರು. ಮೇಜಿನ ಮೇಲಿದ್ದ ಹಲಗೆಯನ್ನು ನೋಡಿದರು. ಯೋಚಿಸಿದರು.

"ಹಿಮಕ್ಕೆ," ಅಂದರು.

ಹೆಂಡತಿಯ ಎದುರು ಕಣ್ಣು ಮಿಟುಕಿಸದೆ ಸುಳ್ಳು ಹೇಳುವಷ್ಟು ಗುಣವಾಗಿದ್ದಾರೆ.